ಧ್ವನಿಮುದ್ರಿಕೆಯಲ್ಲಿ ವಚನವೂ ಪದವೂ: ಸುರಪುರ ಸೀಮೆಯ ವಾಙ್ಮಯವನ್ನು ಕುರಿತ ಒಂದು ವಿಮರ್ಶೆ

ಭೀಮಾ ಕೃಷ್ಣೆಯರ ಆಸುಪಾಸಿನಲ್ಲಿರುವ ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯು ಕನ್ನಡ ವಾಙ್ಮಯದ ಮೂರು ಬಗೆಯ ರಚನೆಗಳಿಗೆ ನೆಲೆಯಾಗಿದೆ. ಆದ್ಯ ವಚನಕಾರರಲ್ಲಿ ಒಬ್ಬನೆಂದು ಗಣಿತನಾದ ಜೇಡರ ದಾಸಿಮಯ್ಯನ ಊರು ಸುರಪುರ ಸೀಮೆಯ ಮುದನೂರು. ಅವನ ವಚನಗಳೆಲ್ಲ ಅಲ್ಲಿಯ ದೇವನಾದ ರಾಮನಾಥನ ಅಂಕಿತವನ್ನು ಹೊತ್ತಿವೆ. ವಚನಕಾರ ಭೋಗಯ್ಯನ ಕೆಂಭಾವಿಯೂ ಇದೇ ಪ್ರಾಂತದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಸುರಪುರದ ಆನಂದದಾಸರು ಕಮಲೇಶವಿಠಲನ ಅಂಕಿತದಿಂದ ಪದಗಳನ್ನು ರಚಿಸಿದರು. ನೆರೆಯ ಕಡಕೋಳದ ಮಡಿವಾಳಪ್ಪನಿಂದಲೂ ಅವನ ಶಿಷ್ಯವರ್ಗದವರಿಂದಲೂ ಹೊರಟ ತತ್ತ್ವಪದಗಳು ಈ ಸೀಮೆಯ ಭಜನೆಯ ಮೇಳಗಳಲ್ಲಿ ಏಕತಾರಿಯೊಡನೆ ಉಳಿದುಬಂದಿವೆ. ವಚನ, ದಾಸರ ಪದ, ತತ್ತ್ವಪದ ಎಂಬ ಈ ಮೂರೂ ಇಂದು ವಿದ್ಯಾರ್ಥಿಗಳನ್ನು ಮುಟ್ಟುವುದು ಪುಸ್ತಕದ ಮೂಲಕ ಎಷ್ಟೋ ಅಷ್ಟೇ, ಅಥವಾ ಅದಕ್ಕಿಂತ ಹೆಚ್ಚಾಗಿ, ಹಾಡಿನ ಧ್ವನಿಮುದ್ರಿಕೆಗಳ ಮೂಲಕ. ಆ ಮುದ್ರಿಕೆಗಳಲ್ಲಿ ಬಹು ಪ್ರಸಿದ್ಧವಾದವು ಹಿಂದುಸ್ತಾನಿ ಸಂಗೀತದ ಮಹಾಗಾಯಕರವು. ಅವುಗಳಲ್ಲಿ ಯಾವುದು ಕೇಳತಕ್ಕುದು, ಏತಕ್ಕಾಗಿ ಕೇಳತಕ್ಕುದು ಎಂಬ ಪ್ರಶ್ನೆಯನ್ನು ಸಂಗೀತಜ್ಞರು ತಮ್ಮ ರೀತಿಯಲ್ಲಿ ವಿಚಾರಿಸಿರುವರು. ಸಾಹಿತ್ಯದ ಕಡೆಯಿಂದ ಅದನ್ನು ಪರ್ಯಾಲೋಚಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಒಂದು ಭೇದವನ್ನು ಗುರುತಿಸಿಕೊಳ್ಳುವುದು ಅವಶ್ಯ. ಧ್ವನಿಮುದ್ರಿಕೆಯು ಅಪೂರ್ವವಾದ ಮಾತ್ರಕ್ಕೆ ಶ್ರವ್ಯವಾಗುವುದಿಲ್ಲ. ಗಂಗೂಬಾಯಿ ಹಾನಗಲ್ಲರ ಮೊದಲ ಗ್ರಾಮಫೋನು ತಟ್ಟೆಗಳು ‘ಗಾಂಧಾರಿ’ ಎಂಬ ಹೆಸರಿನಿಂದ ಪ್ರಕಟವಾದವು. ಅವುಗಳಲ್ಲಿರುವ ಎಳೆಯ, ತೆಳುವಾದ ಧ್ವನಿಯು ಗಂಟಲಿನ ಶಸ್ತ್ರಚಿಕಿತ್ಸೆಯ ತರುವಾಯ ಉಳಿಯಲಿಲ್ಲ. ಮುಂದೆ ನಾಡೆಲ್ಲ ಬಲ್ಲ ಗಂಭೀರವಾದ ಕಂಠವು ಬೇರೆಯದು. ಆ ಹಳೆಯ ತಟ್ಟೆಗಳು ಚರಿತ್ರೆಗೆ ಬೆಲೆಯುಳ್ಳ ಸಾಕ್ಷ್ಯಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸಾಕ್ಷ್ಯವಾಗಿ ಬೆಲೆಯುಳ್ಳದ್ದು ಬೇರೆ, ಗಾಯನವಾಗಿ ಬೆಲೆಯುಳ್ಳದ್ದು ಬೇರೆ. ಶಾಸನವೊಂದು ಹಳೆಯದಾದುದರಿಂದಲೇ ಕಾವ್ಯವಾಗದಂತೆ, ತಟ್ಟೆಯೊಂದು ದುರ್ಲಭವಾದುದರಿಂದಲೇ ಉತ್ತಮ ಗಾಯನವಾಗಲಾರದು. ಸಂಗ್ರಾಹಕನ ಸಂತೋಷವನ್ನೂ ರಸಿಕನ ಸಂತೋಷವನ್ನೂ ಒಂದೆಂದು ಭಾವಿಸುವುದರಿಂದ ಈ ವಿಷಯದಲ್ಲಿ ಅನೇಕ ಗೊಂದಲಗಳು ಹುಟ್ಟಿವೆ.

ಹಿಂದುಸ್ತಾನದಲ್ಲಿ ಗ್ರಾಮಫೋನು ಧ್ವನಿಮುದ್ರಣವು ೧೯೦೨ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾಯಿತು. ನಿಮಿಷಕ್ಕೆ ೭೮ ಸುತ್ತು ತಿರುಗುವ ಹತ್ತು ಅಂಗುಲದ ತಟ್ಟೆಯ ಒಂದು ಮುಖದಲ್ಲಿ ಮೂರು ನಿಮಿಷಕ್ಕೆ ತುಸು ಮೀರಿದ ಹಾಡು ಮಾತ್ರ ಹಿಡಿಯುತ್ತಿತ್ತು. ಒಂದು ಗಂಟೆಯ ಕಾಲ ಬೆಳೆಯಬಲ್ಲ ಖ್ಯಾಲನ್ನು ಅಷ್ಟರಲ್ಲಿ ಮುಗಿಸಬೇಕಾದ ಗಾಯಕನು ರಾಗದ ಜೀವಸ್ವರಗಳನ್ನು ಮೊದಲ ಉಸಿರಿನಲ್ಲಿಯೇ ಸ್ಥಾಪಿಸಬೇಕಾಗುತ್ತಿತ್ತು. ಈ ನಿರ್ಬಂಧವು ಕೆಲವರನ್ನು ಅವಸರಕ್ಕೆ ನೂಕಿತು. ಕೆಲವರಿಗೆ ಸಂಯಮವನ್ನು ಕಲಿಸಿತು. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು (೧೮೭೨–೧೯೩೭) ಎರಡನೆಯ ವರ್ಗದವರು. ಅವರ ಝಿಂಝೋಟಿಯ ಠುಮರಿಯ ತಟ್ಟೆಯನ್ನು ಕೇಳಿದ ಗದುಗಿನ ಬಾಲಕನೊಬ್ಬನು ಗುರುವನ್ನರಸುತ್ತ ಮನೆ ಬಿಟ್ಟು ಹೊರಟುದೂ, ಆ ಬಾಲಕನೇ ಭೀಮಸೇನ ಜೋಶಿಯವರೆಂಬುದೂ (೧೯೨೨–೨೦೧೧) ಎಲ್ಲರೂ ಬಲ್ಲ ವೃತ್ತಾಂತ. ಬೆಳಗಾವಿ ಸೀಮೆಯ ಸುಳೇಭಾವಿಯಲ್ಲಿ ಜನಿಸಿದ ಕುಮಾರ ಗಂಧರ್ವರು (೧೯೨೪–೧೯೯೨) ಎಳೆಯ ವಯಸ್ಸಿನಲ್ಲಿಯೇ ಹಿರಿಯರ ತಟ್ಟೆಗಳನ್ನು ಕೇಳಿ ಹಾಗೆಯೇ ಹಾಡಿ ತೋರಿಸುತ್ತಿದ್ದುದರಿಂದ ಹೆಸರಾದರು. ಕನ್ನಡ ನಾಡಿನ ಹಿಂದುಸ್ತಾನಿ ಸಂಗೀತಕ್ಕೆ ಧ್ವನಿಮುದ್ರಿಕೆಯು ಒಬ್ಬ ಗುರುವಿನಂತೆ ನಡೆದುಕೊಂಡಿದೆ ಎಂಬುದಕ್ಕೆ ಇವೆರಡು ನಿದರ್ಶನಗಳು ಸಾಕು.

ಈ ಗುರುವು ಕಲಿಸಿದುದರಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಅದು ‘ಮರಳುವಿಕೆ’. ಖ್ಯಾಲಿನಲ್ಲಿ ಗಾಯಕನು ಎಷ್ಟು ದೂರ ವಿಹರಿಸಿದರೂ ಚೀಜಿನ ಮೊದಲ ತುಣುಕಾದ ಮುಖಡಾವನ್ನು ಹಿಡಿದು ತಾಳದ ಸಮಕ್ಕೆ ಬಂದು ಕೂಡಿಕೊಳ್ಳುವನು. ಕೇಳುವವನ ಆನಂದದ ಬಹುಭಾಗವು ಈ ಕೂಡುವಿಕೆಯಲ್ಲಿದೆ. ಚೀಜಿನ ಮಾತುಗಳು ಕೆಲವೇ ಆದುದರಿಂದಲೂ, ಅವು ಹೇಳುವ ಭಾವವು ವಿರಹ, ಋತು, ಸ್ತುತಿ ಮುಂತಾದ ಒಂದೇ ನೆಲೆಯಲ್ಲಿ ನಿಲ್ಲುವುದರಿಂದಲೂ, ಮೊದಲ ಮಾತಿಗೆ ಐವತ್ತು ಸಲ ಮರಳಿದರೂ ಅರ್ಥಕ್ಕೆ ಹಾನಿಯಿಲ್ಲ. ಪ್ರತಿಸಲವೂ ಭಾವವು ಒಂದು ಪದರ ಗಾಢವಾಗುವುದು. ಮಹಾಗಾಯಕರು ಕನ್ನಡದ ವಚನಗಳನ್ನೂ ಪದಗಳನ್ನೂ ಹಾಡಲು ತೊಡಗಿದಾಗ ಈ ಅಭ್ಯಾಸವು ಸಹಜವಾಗಿಯೇ ಅವರೊಡನೆ ಬಂದಿತು. ಅದು ಕನ್ನಡದ ಮೂರು ರಚನೆಗಳಲ್ಲಿ ಯಾವುದಕ್ಕೆ ಒಪ್ಪಿತು, ಯಾವುದಕ್ಕೆ ಒಪ್ಪಲಿಲ್ಲ ಎಂಬುದೇ ಇಲ್ಲಿ ವಿಚಾರಣೀಯವಾದ ಅಂಶ.

ವಚನವು ಹುಟ್ಟಿನಿಂದ ಹಾಡಲ್ಲ. ಶರಣರ ವಾಙ್ಮಯದಲ್ಲಿಯೇ ವಚನವೆಂದೂ ಸ್ವರವಚನವೆಂದೂ ಎರಡು ಬಗೆಗಳುಂಟು. ಸ್ವರವಚನಕ್ಕೆ ಪಲ್ಲವಿಯಿದೆ, ನುಡಿಗಳಿವೆ, ರಾಗದ ಹೆಸರಿದೆ. ವಚನಕ್ಕೆ ಇವಾವುವೂ ಇಲ್ಲ. ತಾಳಮಾನಗಳನ್ನು ತಾನರಿಯೆನೆಂದೂ ತನಗೆ ಒಲಿದಂತೆ ಹಾಡುವೆನೆಂದೂ ಬಸವಣ್ಣನವರು ಒಂದೆಡೆಯಲ್ಲಿ ಹೇಳಿಕೊಂಡಿರುವರು. ಇದನ್ನು ವಚನಗಾಯನದ ಸಮರ್ಥಕರು ತಮ್ಮ ಪಕ್ಷಕ್ಕೆ ಆಧಾರವಾಗಿ ತೆಗೆದುಕೊಳ್ಳಬಹುದು, ವಿರೋಧಿಗಳೂ ತೆಗೆದುಕೊಳ್ಳಬಹುದು. ಹಾಡುವೆನೆಂಬ ಮಾತೂ ಅಲ್ಲಿದೆ, ತಾಳವನ್ನರಿಯೆನೆಂಬ ಮಾತೂ ಅಲ್ಲಿದೆ. ವಿವಾದವನ್ನು ತೀರಿಸಲು ಆ ವಚನವು ಸಾಲದು. ತೀರ್ಮಾನವು ಪ್ರತಿಯೊಂದು ವಚನದ ಒಳಗಣ ನಡೆಯನ್ನು ನೋಡಿ ಆಗತಕ್ಕುದು.

ದಾಸಿಮಯ್ಯನ ವಚನಗಳ ನಡೆಯು ಸಾಮಾನ್ಯವಾಗಿ ತರ್ಕದ ನಡೆ. ಸ್ತನವೂ ಮುಡಿಯೂ ಮೂಡಿದರೆ ಜನರು ಹೆಣ್ಣೆನ್ನುವರು, ಗಡ್ಡಮೀಸೆಗಳು ಮೂಡಿದರೆ ಗಂಡೆನ್ನುವರು, ಒಳಗೆ ಸುಳಿಯುವ ಆತ್ಮವು ಈ ಎರಡೂ ಅಲ್ಲ ಎಂಬ ಅಭಿಪ್ರಾಯದ ಅವನ ಪ್ರಸಿದ್ಧ ವಚನವನ್ನು ಉದಾಹರಿಸಬಹುದು. ಇಲ್ಲಿ ಮೊದಲ ವಾಕ್ಯವು ಕವಿಯ ಮತವಲ್ಲ, ಲೋಕದ ಮತ. ಎರಡನೆಯದೂ ಲೋಕದ ಮತವೇ. ಮೂರನೆಯ ವಾಕ್ಯವು ಬಂದು ಅವೆರಡನ್ನೂ ತಳ್ಳಿಹಾಕುವುದು; ಆಮೇಲೆ ರಾಮನಾಥನ ಸಂಬೋಧನೆಯೊಡನೆ ವಚನವು ನಿಲ್ಲುವುದು. ಮಾತು ಒಂದೇ ದಿಕ್ಕಿನಲ್ಲಿ ಸಾಗುತ್ತದೆ. ದಾಟಿದ ಹೊಳೆಯನ್ನು ಅದು ಹಿಂದಿರುಗಿ ದಾಟುವುದಿಲ್ಲ. ಈಗ ಗಾಯಕನು ಮೊದಲ ವಾಕ್ಯವನ್ನೇ ಪಲ್ಲವಿಯಾಗಿ ಮಾಡಿಕೊಂಡು, ಪ್ರತಿಯೊಂದು ಘಟ್ಟದಲ್ಲಿಯೂ ಅದಕ್ಕೆ ಮರಳಿ, ಕೊನೆಯಲ್ಲಿಯೂ ಅದನ್ನೇ ಹಾಡಿ ಮುಗಿಸಿದನೆಂದು ಭಾವಿಸಬೇಕು. ಆಗ ವಚನವು ಯಾವ ಮತವನ್ನು ಖಂಡಿಸಲು ಹೊರಟಿತೋ ಆ ಮತವೇ ಅತಿ ಹೆಚ್ಚು ಸಲ, ಅತಿ ಮಧುರವಾಗಿ, ಕಟ್ಟಕಡೆಯ ಮಾತಾಗಿ ಕಿವಿಗೆ ಬೀಳುವುದು. ಶಾರೀರವು ಎಷ್ಟೇ ಶ್ರೇಷ್ಠವಾಗಲಿ, ರಾಗವು ಎಷ್ಟೇ ಶುದ್ಧವಾಗಲಿ, ಅಂಥ ಗಾಯನದಲ್ಲಿ ವಚನವು ತಲೆಕೆಳಗಾಗಿದೆ ಎಂದೇ ಹೇಳಬೇಕು.

ಇದಕ್ಕೆ ಪ್ರತಿಯಾಗಿ, ಪಲ್ಲವಿಗೆ ಮರಳುವುದು ಸಂಗೀತದ ಸಂಪ್ರದಾಯವಷ್ಟೆ, ಕೇಳುವವನು ವಚನವನ್ನು ಮೊದಲೇ ಬಲ್ಲನು, ಅವನ ಮನಸ್ಸು ಅರ್ಥವನ್ನು ತಾನೇ ಸರಿಪಡಿಸಿಕೊಳ್ಳುವುದು ಎಂದು ಕೆಲವರು ಹೇಳಬಹುದು. ಈ ಮಾತು ವಚನವನ್ನು ಓದಿ ಬಲ್ಲ ತಲೆಮಾರಿಗೆ ಸಲ್ಲುತ್ತಿತ್ತು. ಫ. ಗು. ಹಳಕಟ್ಟಿಯವರ ವಚನಶಾಸ್ತ್ರಸಾರವು ೧೯೨೩ರಲ್ಲಿ ಹೊರಬಂದ ಮೇಲೆ ವಚನಗಳು ಓದುಗರ ಕೈಸೇರಿದುವು. ಮೊದಮೊದಲು ವಚನಗಾಯನವನ್ನು ಕೇಳಿದವರಲ್ಲಿ ಅನೇಕರು ಅಚ್ಚಿನ ಪಾಠವನ್ನು ನೋಡಿದ್ದವರು. ಹಾಡನ್ನೇ ಮೊದಲು ಕೇಳಿ, ಪಾಠವನ್ನು ಆಮೇಲೆ ಕಾಣುವ ಅಥವಾ ಕಾಣದೆಯೇ ಇರುವ ಇಂದಿನ ವಿದ್ಯಾರ್ಥಿಗೆ ಧ್ವನಿಮುದ್ರಿಕೆಯೇ ಮೂಲಪಾಠವಾಗುತ್ತದೆ. ಪಾಠವನ್ನು ತಿದ್ದಿಕೊಳ್ಳಲು ಅವನ ಬಳಿ ಬೇರೆ ಪ್ರತಿ ಇಲ್ಲ. ಆದುದರಿಂದ ಮುದ್ರಿಕೆಯ ಗಾಯಕನ ಹೊಣೆಯು ಗ್ರಂಥಸಂಪಾದಕನ ಹೊಣೆಗೆ ಸಮಾನವಾದುದು.

ಹಾಗಾದರೆ ವಚನವನ್ನು ರಾಗತಾಳಗಳಲ್ಲಿ ಹಾಡಲೇಬಾರದೆ? ಅಷ್ಟು ಕಠಿಣವಾದ ತೀರ್ಮಾನಕ್ಕೆ ಕಾರಣವಿಲ್ಲ. ಮಲ್ಲಿಕಾರ್ಜುನ ಮನ್ಸೂರರು ಹಾಡಿರುವ ಅಕ್ಕಮಹಾದೇವಿಯ ಕನಸಿನ ವಚನವೇ ಇದಕ್ಕೆ ನಿದರ್ಶನ. ಧಾರವಾಡದ ಬಳಿಯ ಮನ್ಸೂರಿನಲ್ಲಿ ಜನಿಸಿ ೧೯೯೨ರಲ್ಲಿ ದಿವಂಗತರಾದ ಈ ಗಾಯಕರು ಮೊದಲು ಮಿರಜಿನ ನೀಲಕಂಠ ಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿಯನ್ನೂ, ಆಮೇಲೆ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜೀ ಖಾನ್, ಭೂರ್ಜೀ ಖಾನರಲ್ಲಿ ಜಯಪುರ–ಅತ್ರೌಲಿ ಪದ್ಧತಿಯನ್ನೂ ಕಲಿತರು. ಈ ಎರಡನೆಯ ಪದ್ಧತಿಯ ವೈಶಿಷ್ಟ್ಯವೆಂದರೆ ಸ್ವರವೂ ಲಯವೂ ಒಂದನ್ನೊಂದು ಬಿಡದೆ ಹೆಣೆದುಕೊಂಡು, ದೀರ್ಘವಾದ ಒಂದೇ ಉಸಿರಿನಲ್ಲಿ ವಾಕ್ಯವು ಸಮದ ಕಡೆಗೆ ಸಾಗುವುದು. ಇದು ಬರಿಯ ಸ್ವರವಿಸ್ತಾರವಲ್ಲ. ಒಂದು ತೆರನಾದ ವಾಕ್ಯರಚನೆ. ಅಂಥ ಪದ್ಧತಿಯಲ್ಲಿ ಪಳಗಿದವರಿಗೆ ಗದ್ಯದ ಅನ್ವಯವನ್ನು ಕಡಿಯದೆ ಹಾಡುವುದು ಸುಲಭಸಾಧ್ಯವಾದುದು ಆಶ್ಚರ್ಯವಲ್ಲ.

ಆ ವಚನದ ಕಟ್ಟಡವೂ ಗಾಯನಕ್ಕೆ ಅನುಕೂಲವಾಗಿದೆ. ಅಕ್ಕನು ತಾನು ಕಂಡ ಕನಸನ್ನು ಗೆಳತಿಗೆ ಹೇಳುತ್ತಿದ್ದಾಳೆ: ಮಂಗಳದ್ರವ್ಯಗಳು, ಭಿಕ್ಷೆಗೆ ಬಂದ ಜಡೆಯ ಗೊರವ, ಅವನ ಬೆನ್ನಟ್ಟಿ ಕೈಹಿಡಿದುದು, ದೇವನನ್ನು ಕಂಡು ಕಣ್ಣು ತೆರೆದುದು. ಮೊದಲ ಮಾತು ಇಲ್ಲಿ ಪೂರ್ವಪಕ್ಷವಲ್ಲ, ಸಂಬೋಧನೆ. ಕನಸನ್ನು ಹೇಳುವವಳು ನಡುನಡುವೆ ಗೆಳತಿಯನ್ನು ಮತ್ತೆ ಕರೆಯುವುದು ಸ್ವಭಾವಸಹಜವಾದುದು. ಹೇಳಿದಂತೆಲ್ಲ ಅವಳ ಬೆರಗು ಹೆಚ್ಚುವುದು. ಆದುದರಿಂದ ಮೊದಲ ಮಾತಿಗೆ ಮರಳಿದಾಗ ಅರ್ಥವು ಕುಂದದೆ ಬೆಳೆಯುತ್ತದೆ. ಇಲ್ಲಿ ಸಂಗೀತದ ರೂಢಿಯೂ ಸಾಹಿತ್ಯದ ಆವಶ್ಯಕತೆಯೂ ಒಂದಾಗಿವೆ. ಈ ಮುದ್ರಿಕೆಯು ಕೇಳತಕ್ಕುದಾದುದು ಹಾಡಿದವರು ಮಹಾಗಾಯಕರೆಂಬ ಒಂದೇ ಕಾರಣದಿಂದಲ್ಲ. ಮರಳತಕ್ಕ ಮಾತಿಗೆ ಮರಳಿದುದರಿಂದ.

ಇದರಿಂದ ದಾಸಿಮಯ್ಯನ ವಚನಗಳಿಗೂ ದಾರಿ ದೊರೆಯುತ್ತದೆ. ನೆಲವೂ ಬೆಳೆಯೂ ಬೀಸುವ ಗಾಳಿಯೂ ದೇವರ ದಾನವೆಂದು ಹೇಳಿ, ಆ ದಾನವನ್ನುಂಡು ಅನ್ಯರನ್ನು ಹೊಗಳುವವರನ್ನು ನಾಯಿಗಳೆಂದು ಜರೆಯುವ ಅವನ ಇನ್ನೊಂದು ವಚನದಲ್ಲಿ, ದಾನವೆಂಬ ಮಾತು ವಚನದ ಒಳಗೇ ಮರುಕಳಿಸುತ್ತದೆ. ಅಲ್ಲಿ ಕವಿಯೇ ಪಲ್ಲವಿಯನ್ನು ಇಟ್ಟಿದ್ದಾನೆ. ಗಾಯಕನು ಬೇರೆಯದನ್ನು ಹುಡುಕಬೇಕಾಗಿಲ್ಲ. ಆದರೆ ಕೊನೆಯ ಬೈಗುಳು ಬಂದ ಮೇಲೆ ಮೊದಲಿಗೆ ಮರಳಬಾರದು. ಪೆಟ್ಟು ಬಿದ್ದ ಕಡೆಯಲ್ಲಿಯೇ ಹಾಡು ನಿಲ್ಲಬೇಕು. ಆತ್ಮವನ್ನು ಕುರಿತ ವಚನದಲ್ಲಿಯಾದರೋ ಮರಳಬಹುದಾದುದು ರಾಮನಾಥನ ಸಂಬೋಧನೆಯೊಂದಕ್ಕೆ ಮಾತ್ರ. ಅಥವಾ ತಾಳವನ್ನೇ ಬಿಟ್ಟು, ಆಲಾಪದ ನಡೆಯಲ್ಲಿ, ಆದಿಯಿಂದ ಅಂತ್ಯದ ತನಕ ಒಂದೇ ಸಲ ಹಾಡಬಹುದು. ಇಂಥ ವಚನಗಳಿಗೆ ಮೂರು ನಿಮಿಷದ ಹಳೆಯ ತಟ್ಟೆಯೂ ಸಾಕಾಗುತ್ತಿತ್ತು. ದೀರ್ಘಕಾಲದ ತಟ್ಟೆಗಳೂ ಆಮೇಲೆ ಕ್ಯಾಸೆಟ್ಟುಗಳೂ ಬಂದಾಗ ಖ್ಯಾಲಿಗೆ ಲಾಭವಾಯಿತು. ವಚನಕ್ಕೆ ಆದದ್ದು ಎಷ್ಟೋ ಸಲ ಪುನರುಕ್ತಿಯೇ.

ದಾಸರ ಪದಗಳ ಸಂಗತಿ ಬೇರೆ. ಪಲ್ಲವಿ, ಅನುಪಲ್ಲವಿ, ಚರಣಗಳಿಂದ ಕೂಡಿದ ಪದವು ಮರಳುವುದಕ್ಕಾಗಿಯೇ ಕಟ್ಟಲ್ಪಟ್ಟುದು. ಭೀಮಸೇನ ಜೋಶಿಯವರು ಹಾಡಿರುವ ಪುರಂದರದಾಸರ ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಎಂಬ ಪದವು ಕನ್ನಡಿಗರ ಮನೆಮನೆಯ ಹಾಡಾಗಿರುವುದು ವಿದಿತವೇ ಇದೆ. ಅಲ್ಲಿ ಪಲ್ಲವಿಯು ಒಂದು ಕರೆ. ಕರೆಯನ್ನು ಮತ್ತೆ ಮತ್ತೆ ಕರೆಯುವುದರಲ್ಲಿಯೇ ಭಕ್ತಿಯ ತೀವ್ರತೆಯಿದೆ. ಪ್ರತಿ ಚರಣವೂ ಬರತಕ್ಕ ದೇವಿಯ ನಡೆಯನ್ನೂ ಕೈಯ ಉದಾರವನ್ನೂ ಚಿತ್ರಿಸಿ ಕರೆಗೆ ಹೊಸ ಕಾರಣವನ್ನು ಒದಗಿಸುವುದು. ಜೋಶಿಯವರ ತುಂಬುಕಂಠವು ಕಿರಾಣಾ ಪದ್ಧತಿಯ ಸ್ವರನಿಷ್ಠೆಯಿಂದ ಆ ಕರೆಯನ್ನು ಎತ್ತಿದಾಗ, ಸಂಗೀತಕ್ಕೂ ಸಾಹಿತ್ಯಕ್ಕೂ ಯಾವ ವ್ಯಾಜ್ಯವೂ ಹುಟ್ಟುವುದಿಲ್ಲ.

ಪದಗಳ ವಿಷಯದಲ್ಲಿ ತಪ್ಪು ನುಸುಳುವುದು ಮರಳುವಿಕೆಯಿಂದಲ್ಲ, ಬಿಡುವಿಕೆಯಿಂದ. ಮಿತವಾದ ಕಾಲದ ಮುದ್ರಿಕೆಗಳಲ್ಲಿ ಎರಡೋ ಮೂರೋ ಚರಣಗಳನ್ನು ಆಯ್ದು ಉಳಿದವನ್ನು ಕೈಬಿಡುವ ರೂಢಿ ಬೆಳೆಯಿತು. ಅಂಕಿತವು ಕಡೆಯ ಚರಣದಲ್ಲಿರುವುದರಿಂದ ಅದನ್ನು ಉಳಿಸಿಕೊಂಡು ನಡುವಣದನ್ನು ತೆಗೆಯುವುದು ವಾಡಿಕೆ. ನಾಮಸ್ತುತಿಯ ಪದಗಳಲ್ಲಿ ಇದರಿಂದ ದೊಡ್ಡ ನಷ್ಟವಿಲ್ಲ. ಕಥೆಯನ್ನು ಹೇಳುವ ಪದಗಳಲ್ಲಿ ನಷ್ಟವು ದೊಡ್ಡದು; ಕಥೆಯ ನಡುವಣ ಮೆಟ್ಟಿಲುಗಳೇ ಮಾಯವಾಗುವುವು. ಪುರಂದರ ಕನಕರ ಪದಗಳನ್ನು ಅಚ್ಚಿನಲ್ಲಿಯೂ ಕಂಠಪರಂಪರೆಯಲ್ಲಿಯೂ ಅನೇಕರು ಕಾಪಾಡುತ್ತಿರುವುದರಿಂದ ಬಿಟ್ಟ ಚರಣವು ಬೇರೆಡೆಯಲ್ಲಿ ದೊರೆಯುವುದು. ಆನಂದದಾಸರಂಥ ಪ್ರಾಂತೀಯ ಕವಿಗಳಿಗೆ ಈ ರಕ್ಷಣೆಯು ಅಷ್ಟಿಲ್ಲ. ಕಮಲೇಶವಿಠಲಾಂಕಿತದ ಪದವೊಂದನ್ನು ಮುದ್ರಿಸುವ ಗಾಯಕನು ಎಲ್ಲ ಚರಣಗಳನ್ನೂ ಹಾಡಿದರೆ ಅದು ಕೇವಲ ಗಾಯನವಲ್ಲ, ಉದ್ಧಾರವೂ ಹೌದು.

ಮೂರನೆಯದಾದ ತತ್ತ್ವಪದವು ಮೇಳದ ಹಾಡು. ಒಬ್ಬನು ನುಡಿಯನ್ನು ಎತ್ತಿಕೊಡುವನು. ಉಳಿದವರು ಪಲ್ಲವಿಯನ್ನು ಹಿಡಿಯುವರು. ಇಲ್ಲಿ ಮರಳುವುದು ಗಾಯಕನಲ್ಲ, ಸಮುದಾಯ. ಒಗಟಿನಂತಿರುವ ನುಡಿಯನ್ನು ಮುಂದಾಳು ಹೇಳಿ ಮುಗಿಸಿದ ಕೂಡಲೆ ಮೇಳವು ಪಲ್ಲವಿಯನ್ನು ಎತ್ತುವುದರಿಂದ, ಕೇಳುವವನಿಗೆ ಆ ಒಗಟನ್ನು ಕುರಿತು ಆಲೋಚಿಸಲು ಅಷ್ಟು ಹೊತ್ತು ದೊರೆಯುವುದು. ಮಡಿವಾಳಪ್ಪನ ಪದವನ್ನು ಒಬ್ಬನೇ ಗಾಯಕನು, ತಾನೇ ನುಡಿಯೂ ತಾನೇ ಮೇಳವೂ ಆಗಿ, ತಾನುಗಳಿಂದ ಅಲಂಕರಿಸಿ ಹಾಡಿದರೆ ಆ ವಿರಾಮವು ಇಲ್ಲವಾಗುವುದು. ಅಂಥ ಮುದ್ರಿಕೆಯಲ್ಲಿ ಶ್ರುತಿಶುದ್ಧಿಯಿದ್ದೂ ತತ್ತ್ವಪದವಿರದು. ಏಕತಾರಿಯ ಮೇಳದ ಒರಟು ದನಿಯ ಮುದ್ರಿಕೆಯಲ್ಲಿ ಶ್ರುತಿಯು ತುಸು ಜಾರಿದರೂ ಪದದ ನಿಜವಾದ ನಡೆಯು ಉಳಿದಿರುತ್ತದೆ. ಒಂದು ರಚನೆಗೆ ಮಹಾಗಾಯಕನ ಕಂಠವು ಬೇಕು. ಇನ್ನೊಂದಕ್ಕೆ ಹತ್ತು ಸಾಮಾನ್ಯ ಕಂಠಗಳು ಬೇಕು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ವಿಮರ್ಶೆಯಲ್ಲ.

ಈ ವಿಚಾರವು ಸುರಪುರ ಸೀಮೆಗೆ ವಿಶೇಷವಾಗಿ ಸಂಬಂಧಿಸಿದುದೇಕೆಂಬುದನ್ನು ಇತಿಹಾಸವು ವಿಶದಪಡಿಸುತ್ತದೆ. ೧೯೪೮ರ ತನಕ ಈ ತಾಲ್ಲೂಕುಗಳು ನಿಜಾಮನ ಸಂಸ್ಥಾನದಲ್ಲಿದ್ದುವು. ಆಡಳಿತದಲ್ಲಿಯೂ ಶಿಕ್ಷಣದಲ್ಲಿಯೂ ಉರ್ದುವಿಗೆ ಅಗ್ರಸ್ಥಾನವಿತ್ತು. ಕನ್ನಡದ ಸಂಗೀತ ಜೀವನವು ಅದೇ ಕಾಲದಲ್ಲಿ ಧಾರವಾಡ, ಹುಬ್ಬಳ್ಳಿ, ಗದಗುಗಳಲ್ಲಿ ಬೆಳೆಯುತ್ತಿತ್ತು. ಧಾರವಾಡದ ಆಕಾಶವಾಣಿ ಕೇಂದ್ರವು ೧೯೫೦ರಲ್ಲಿಯೇ ಆರಂಭವಾಯಿತು. ಕಲಬುರಗಿಯ ಕೇಂದ್ರವು ಬಂದುದು ೧೯೬೬ರಲ್ಲಿ. ಹೀಗಾಗಿ ಮುದನೂರಿನ ವಚನಕಾರನ ಮಾತೂ ಮುದನೂರಿಗೆ ಹಿಂದಿರುಗಿದುದು ಬಹುಮಟ್ಟಿಗೆ ಧಾರವಾಡದ ಕಂಠದಲ್ಲಿ. ಇದರಲ್ಲಿ ದೂರತಕ್ಕುದೇನೂ ಇಲ್ಲ; ಆ ಕಂಠಗಳಿಲ್ಲದಿದ್ದರೆ ವಚನವು ಇಷ್ಟು ಜನರ ಕಿವಿಗೆ ಬೀಳುತ್ತಲೇ ಇರಲಿಲ್ಲ. ರಾಯಚೂರು ಸೀಮೆಯ ಜಂಬಲದಿನ್ನಿಯವರಾಗಿ, ಶಾಸ್ತ್ರೀಯ ಸಂಗೀತದಲ್ಲಿ ನುರಿತು ವಚನಗಾಯನಕ್ಕೆ ಹೆಸರಾದ ಸಿದ್ಧರಾಮ ಜಂಬಲದಿನ್ನಿಯವರಂಥವರು ಎರಡು ಪ್ರಾಂತಗಳ ನಡುವೆ ಸೇತುವೆಯಂತೆ ನಿಂತಿರುವರು. ಆದರೆ ದೂರದಿಂದ ಬಂದ ಉತ್ತಮವಾದುದು ಹತ್ತಿರದಲ್ಲಿರುವ ಬೇರೆಯದನ್ನು ಅಡಗಿಸಿಬಿಟ್ಟರೆ ನಷ್ಟವುಂಟು. ಶಹಾಪುರ, ಸುರಪುರಗಳ ಮೇಳಗಳ ನಡೆಯನ್ನು ಮಹಾಗಾಯಕರ ಮುದ್ರಿಕೆಗಳ ಅಳತೆಯಿಂದ ಅಳೆದು, ಇದು ಸಂಗೀತವಲ್ಲವೆಂದು ಅಧ್ಯಾಪಕನು ವಿದ್ಯಾರ್ಥಿಗೆ ಕಲಿಸಿದ ದಿನ ಆ ನಡೆಯು ಒಂದು ತಲೆಮಾರಿನಲ್ಲಿ ಮರೆಯಾಗುವುದು. ಅದರೊಡನೆ ತತ್ತ್ವಪದಗಳ ಅರ್ಥವನ್ನು ತಿಳಿಯುವ ಒಂದು ಸಾಧನವೂ ಮರೆಯಾಗುವುದು.

ಮೇಲಣ ವಿಚಾರದಿಂದ ಸಿದ್ಧವಾಗುವ ಅಂಶಗಳು ಇಷ್ಟು. ವಚನ, ಪದ, ತತ್ತ್ವಪದಗಳ ಧ್ವನಿಮುದ್ರಿಕೆಯನ್ನು ಪರೀಕ್ಷಿಸುವವನು ಮೊದಲು ಪಾಠವನ್ನು ಮುಂದಿಟ್ಟುಕೊಂಡು, ಗಾಯಕನು ಯಾವ ಮಾತಿಗೆ ಮರಳುತ್ತಾನೆ, ಯಾವ ಮಾತಿನಲ್ಲಿ ನಿಲ್ಲುತ್ತಾನೆ, ಏನನ್ನು ಬಿಡುತ್ತಾನೆ ಎಂಬ ಮೂರನ್ನು ಗುರುತುಹಾಕಿಕೊಳ್ಳಬೇಕು. ಆ ಮರಳುವಿಕೆಯಿಂದ ಅರ್ಥವು ಬೆಳೆದರೆ ಗಾಯನವು ಸಫಲ. ಅರ್ಥವು ತಿರುಗುಮುರುಗಾದರೆ ರಾಗಸೌಂದರ್ಯವು ಅದನ್ನು ಉಳಿಸಲಾರದು. ರಾಗ, ಲಯ, ಶಾರೀರಗಳ ಗುಣದೋಷಗಳ ವಿಚಾರವು ಇದರ ತರುವಾಯ ಬರತಕ್ಕುದು. ತರಗತಿಯಲ್ಲಿ ಮುದ್ರಿಕೆಯನ್ನು ಕೇಳಿಸುವ ಅಧ್ಯಾಪಕನು ಅದಕ್ಕೆ ಮುನ್ನ ವಚನವನ್ನು ಒಮ್ಮೆ ಗಟ್ಟಿಯಾಗಿ, ಆದಿಯಿಂದ ಅಂತ್ಯದ ತನಕ, ತಡೆಯಿಲ್ಲದೆ ಓದುವುದು ಒಳ್ಳೆಯದು. ದಾಸಿಮಯ್ಯನ ಮಾತು ಯಾವ ಕಡೆಗೆ ನಡೆಯುತ್ತದೆಂಬುದು ಆ ಒಂದು ಓದಿನಿಂದ ತಿಳಿಯುವುದು; ಗಾಯಕನು ಅದರೊಡನೆ ನಡೆದನೋ ಇಲ್ಲವೋ ಎಂಬುದನ್ನು ಆಮೇಲೆ ವಿದ್ಯಾರ್ಥಿಯೇ ಹೇಳಬಲ್ಲನು.